ಐಸಿಯುನಿಂದ ಮನೆಗೆ ಬಂದ ವಿಕಲಚೇತನ ಮಗು: ಪದೇ ಪದೇ ಕೇಳುವ ಪ್ರಶ್ನೆಗಳು

ಸೆರೆಬ್ರಲ್ ಪಾಲ್ಸಿಯೋ, ಡೌನ್ ಸಿಂಡ್ರೋಮೋ, ಸ್ನಾಯುವಿನ ಕಾಯಿಲೆಯೋ ಮೊದಲೇ ಇದ್ದ ಮಗು ನ್ಯುಮೋನಿಯಾ, ಮೆದುಳು ಜ್ವರ, ಡೆಂಗಿ, ಸೆಪ್ಸಿಸ್ ಎಂದು ಐಸಿಯು ಸೇರಿ ಬದುಕಿ ಬಂದಿದೆ. ಇಲ್ಲವೇ ಆಡಿಕೊಂಡಿದ್ದ ಮಗು ಆ ಕಾಯಿಲೆಯಿಂದಲೇ ಅಂಗವೈಕಲ್ಯದೊಂದಿಗೆ ಮನೆಗೆ ಮರಳಿದೆ. ಮಂಗಳೂರು, ಉಡುಪಿ ಕಡೆಯ ಇಂಥ ಮನೆಗಳವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಔಷಧದ ಪ್ರಮಾಣವನ್ನು ನಿಮ್ಮ ಮಗುವನ್ನು ನೋಡುವ ವೈದ್ಯರೇ ಹೇಳಬೇಕು, ಅದನ್ನು ಇಲ್ಲಿ ಬರೆದಿಲ್ಲ.

ಮಗು ಮೊದಲಿನ ಹಾಗೆ ಆಗುವುದು ಯಾವಾಗ?

ಮೊದಲು ಆ ‘ಮೊದಲಿನ ಹಾಗೆ’ ಎಂದರೆ ಏನೆಂದು ಬರೆದಿಡಿ. ಐಸಿಯು ಸೇರುವ ಹಿಂದಿನ ತಿಂಗಳು ಮಗು ಏನೇನು ಮಾಡುತ್ತಿತ್ತು? ಕತ್ತು ನಿಲ್ಲುತ್ತಿತ್ತೇ? ಒರಗಿಸಿದರೆ ಎಷ್ಟು ಹೊತ್ತು ಕೂರುತ್ತಿತ್ತು? ಒಂದು ಬಟ್ಟಲು ಗಂಜಿಗೆ ಎಷ್ಟು ಹೊತ್ತು ಬೇಕಿತ್ತು? ಅಪ್ಪನ ಬೈಕಿನ ಸದ್ದಿಗೆ ತಿರುಗುತ್ತಿತ್ತೇ? ರಾತ್ರಿ ಎಷ್ಟು ಸಲ ಏಳುತ್ತಿತ್ತು? ಫೋನಿನಲ್ಲಿ ಹಳೆಯ ವಿಡಿಯೊ ಇದ್ದರೆ ತೆಗೆದು ಬೇರೆಯಾಗಿಡಿ. ಇಂದಿನ ಮಗುವನ್ನು ಆ ವಿಡಿಯೊದ ಮಗುವಿನೊಂದಿಗೆ ಹೋಲಿಸಬೇಕು, ಪಕ್ಕದ ಮನೆಯ ಮಗುವಿನೊಂದಿಗೆ ಅಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ವಿಕಲಚೇತನ ಮಗು ಐಸಿಯುನಲ್ಲಿ ಹೊಸದಾಗಿ ಏನನ್ನಾದರೂ ಕಳೆದುಕೊಂಡರೆ ‘ಮೊದಲಿಂದಲೂ ಹೀಗೇ ಇತ್ತಲ್ಲ’ ಎಂದು ತಳ್ಳಿಹಾಕುವುದು ಸುಲಭ. ಹೊರರೋಗಿ ವಿಭಾಗದಲ್ಲಿ ಹತ್ತು ನಿಮಿಷ ಮಾತ್ರ ನೋಡುವ ವೈದ್ಯರಿಗೆ ಅದು ಗೊತ್ತಾಗುವುದಿಲ್ಲ, ಗೊತ್ತಿರುವುದು ನಿಮಗೆ. ಮೂರು ವಾರ ಮಲಗಿದ್ದ ಮಗುವಿನ ತೊಡೆ, ಹೆಗಲು ಕರಗಿರುತ್ತವೆ. ಈ ದೌರ್ಬಲ್ಯ ವಾರಗಳಲ್ಲಿ, ತಿಂಗಳುಗಳಲ್ಲಿ ತುಂಬಿಬರುವಂಥದ್ದು. ಮೆದುಳಿಗೇ ಪೆಟ್ಟಾಗಿದ್ದರೆ ದಾರಿ ಬೇರೆ: ಮೊದಲ ಆರು ತಿಂಗಳಲ್ಲಿ ಹೆಚ್ಚು ಚೇತರಿಕೆ ಕಾಣುತ್ತದೆ, ಆಮೇಲೆ ನಿಧಾನವಾಗುತ್ತದೆ, ಆದರೆ ನಿಂತೇಹೋಗುವುದಿಲ್ಲ.

ಡಿಸ್ಚಾರ್ಜ್ ದಿನ ಏನು ಕೇಳಬೇಕು?

ಬಿಲ್ ಕೌಂಟರಿನ ಗಡಿಬಿಡಿಯಲ್ಲಿ ಕೇಳಿದರೆ ಏನೂ ತಲೆಗೆ ಹೋಗುವುದಿಲ್ಲ. ಎರಡು ದಿನ ಮೊದಲೇ ಕೇಳಿ. ಮೂಗಿನಿಂದ ಹೊಟ್ಟೆಗೆ ಆಹಾರದ ಕೊಳವೆ ಹಾಕುವುದು, ಸಕ್ಷನ್ ಮಾಡುವುದು (ಕಫ ಎಳೆದು ತೆಗೆಯುವುದು), ಔಷಧ ಅರೆದು ಕೊಡುವುದು ಇವನ್ನೆಲ್ಲ ನರ್ಸ್ ಎದುರಿಗೆ ನಿಮ್ಮ ಕೈಯಿಂದಲೇ ಮಾಡಿ ತೋರಿಸಿ, ಒಬ್ಬರಲ್ಲ, ಮನೆಯ ಇಬ್ಬರು. ಬರೆಸಿಕೊಳ್ಳಬೇಕಾದದ್ದು: ಈಗಿನ ತೂಕ, ಕೊಳವೆಯ ಅಳತೆ ಮತ್ತು ಮೂಗಿನ ಬಳಿಯ ಗುರುತು, ಯಾವ ಔಷಧವನ್ನು ಯಾವಾಗ ಇಳಿಸಬೇಕು, ಎಷ್ಟು ದಿನ ವೆಂಟಿಲೇಟರಿನಲ್ಲಿತ್ತು, ಕಿವಿ ಪರೀಕ್ಷೆ ಆಗಿದೆಯೇ.

ಆ ಕೊನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಬ್ಯಾಕ್ಟೀರಿಯಾದ ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಯ ಸೋಂಕು, ಕಿವಿಯನ್ನು ಕೆಡಿಸಬಲ್ಲದು. ಅಮಿಕಾಸಿನ್, ಜೆಂಟಾಮೈಸಿನ್‌ನಂಥ ಇಂಜೆಕ್ಷನ್‌ಗಳೂ ಕೆಡಿಸಬಲ್ಲವು. ಮೆನಿಂಜೈಟಿಸ್ ಆಗಿದ್ದರೆ ಮಗು ಸುಧಾರಿಸಿದ ನಾಲ್ಕು ವಾರದೊಳಗೆ ಕಿವಿ ಪರೀಕ್ಷೆ ಆಗಬೇಕು. ಮಾತು ಬಾರದ ಮಗುವಿಗೆ ಕೇಳಿಸದೆ ಹೋದರೆ ಮನೆಯವರು ‘ಮಂಕಾಗಿದೆ’ ಎಂದುಕೊಂಡು ತಿಂಗಳು ಕಳೆಯುತ್ತಾರೆ. ಬೆರಾ ಎಂಬ ಕಿವಿ ಪರೀಕ್ಷೆಗೆ ಮಗು ಉತ್ತರ ಹೇಳಬೇಕಿಲ್ಲ, ನಿದ್ದೆಯಲ್ಲೇ ಆಗುತ್ತದೆ.

‘ಜೀವನದ ಗುಣಮಟ್ಟ’ ಎಂದು ಫಾರಂ ತುಂಬಿಸುತ್ತಾರೆ. ಅದರಿಂದ ಏನು ಗೊತ್ತಾಗುತ್ತದೆ?

ಎರಡು ಬಗೆಯ ಅಳತೆಗಳಿವೆ, ಎರಡನ್ನೂ ಒಂದೇ ಎಂದುಕೊಳ್ಳಬಾರದು.

ಒಂದು, ಮಗುವಿಗೆ ಏನೇನು ಮಾಡಲು ಬರುತ್ತದೆ ಎಂಬ ಅಳತೆ. ಐಸಿಯುಗಳಲ್ಲಿ ಬಳಸುವ ಫಂಕ್ಷನಲ್ ಸ್ಟೇಟಸ್ ಸ್ಕೇಲ್ ಇಂಥದ್ದು: ಎಚ್ಚರ, ಇಂದ್ರಿಯ, ಸಂವಹನ, ಚಲನೆ, ಊಟ, ಉಸಿರಾಟ ಎಂಬ ಆರು ಭಾಗ, ಪ್ರತಿಯೊಂದಕ್ಕೆ 1ರಿಂದ 5, ಒಟ್ಟು 6ರಿಂದ 30. ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಮೊದಲು 12 ಇದ್ದದ್ದು 15 ಆದರೆ, ಅಂದರೆ ಮೂರು ಅಥವಾ ಹೆಚ್ಚು ಏರಿದರೆ, ಹೊಸ ನಷ್ಟವಾಗಿದೆ ಎಂದು ಲೆಕ್ಕ. ಇದರಲ್ಲಿ ಒಂದು ತೊಡಕಿದೆ. ಚಲನೆಯಲ್ಲಿ ಮೊದಲೇ 5 ಇದ್ದ ಮಗುವಿಗೆ ಅದಕ್ಕಿಂತ ಮೇಲೇರಲು ಜಾಗವಿಲ್ಲ. ಆ ಮಗು ಕೈಬೆರಳಿನ ಹಿಡಿತ ಕಳೆದುಕೊಂಡರೂ ಅಂಕ ಕದಲುವುದಿಲ್ಲ.

ಇನ್ನೊಂದು, ಮಗುವಿಗೆ ತನ್ನ ದಿನ ಹೇಗೆ ಅನ್ನಿಸುತ್ತದೆ ಎಂಬ ಅಳತೆ. ಹೆಚ್ಚು ಬಳಕೆಯಲ್ಲಿರುವುದು ಪೆಡ್ಸ್‌ಕ್ಯೂಎಲ್: 23 ಪ್ರಶ್ನೆ, ಕಳೆದ ಒಂದು ತಿಂಗಳ ಬಗ್ಗೆ, ದೇಹ, ಮನಸ್ಸು, ಗೆಳೆತನ, ಶಾಲೆ ಎಂದು ನಾಲ್ಕು ಭಾಗ, 0ರಿಂದ 100. ಇಲ್ಲಿ ಅಂಕ ಹೆಚ್ಚಿದಷ್ಟೂ ಒಳ್ಳೆಯದು. ಆದರೆ ಓಡುವುದು, ಭಾರ ಎತ್ತುವುದು ಕಷ್ಟವೇ ಎಂದು ಕೇಳಿದಾಗ ಗಾಲಿಕುರ್ಚಿಯ ಮಗು ಹಾಯಾಗಿದ್ದರೂ ಅಂಕ ಕಳೆದುಕೊಳ್ಳುತ್ತದೆ. ತೀವ್ರ ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗೆಂದೇ ಸಿಪಿ ಚೈಲ್ಡ್ ಎಂಬ ಪ್ರಶ್ನಾವಳಿ ಇದೆ; ಎತ್ತಿ ಕೂರಿಸುವಾಗ, ಬಟ್ಟೆ ಬದಲಿಸುವಾಗ ಎಷ್ಟು ಕಷ್ಟ, ಎಷ್ಟು ನೋವು ಎಂದು ಅದು ಕೇಳುತ್ತದೆ. ಸಾಧ್ಯವಿದ್ದರೆ ಅದನ್ನೇ ಕೇಳಿ ಪಡೆಯಿರಿ.

ಫಾರಂ ತುಂಬುವವರು ಯಾರು ಎಂಬುದೂ ಮುಖ್ಯ. ಯೂರೋಪಿನಲ್ಲಿ 8ರಿಂದ 12 ವರ್ಷದ ಸೆರೆಬ್ರಲ್ ಪಾಲ್ಸಿ ಮಕ್ಕಳನ್ನೇ ಕೇಳಿ 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ತಾವೇ ಉತ್ತರ ಕೊಡಬಲ್ಲ ಮಕ್ಕಳು ತಮ್ಮ ಬದುಕಿಗೆ ಕೊಟ್ಟ ಅಂಕ ಓರಗೆಯ ಮಕ್ಕಳದ್ದಕ್ಕೆ ಹತ್ತಿರವೇ ಇತ್ತು. ಹೆತ್ತವರು ಕೊಡುವ ಅಂಕ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಆದ್ದರಿಂದ ತಲೆಯಾಡಿಸಿಯಾದರೂ, ಕಣ್ಣು ಮಿಟುಕಿಸಿಯಾದರೂ ಹೇಳಬಲ್ಲ ಮಗುವಾದರೆ ಅದರ ಹತ್ತಿರವೇ ಕೇಳಬೇಕು.

ಮನೆಗೆ ಬಂದ ಎರಡನೇ ದಿನವೇ ಬೆವರು, ನಡುಕ, ಭೇದಿ. ಮತ್ತೆ ಸೋಂಕೇ?

ಸೋಂಕೂ ಇರಬಹುದು, ತೋರಿಸಿ. ಆದರೆ ಇನ್ನೊಂದು ಕಾರಣವನ್ನೂ ವೈದ್ಯರಿಗೆ ನೆನಪಿಸಿ. ಐದು ದಿನಕ್ಕಿಂತ ಹೆಚ್ಚು ಮಿಡಜೋಲಾಮ್, ಫೆಂಟನಿಲ್, ಮಾರ್ಫಿನ್ ಎಂಬ ಮಂಪರಿನ, ನೋವಿನ ಔಷಧಗಳು ಹೋಗಿದ್ದ ಮಗುವಿಗೆ ಅವು ಬೇಗ ನಿಂತರೆ ದೇಹ ತಿರುಗಿಬೀಳುತ್ತದೆ: ಬೆವರು, ನಡುಕ, ಪದೇ ಪದೇ ಆಕಳಿಕೆ, ಸೀನು, ವಾಂತಿ, ಭೇದಿ, ನಿದ್ದೆಯಿಲ್ಲದ ಅಳು. ಮೈ ಬಿಗಿಯುವ ಮಗುವಿನಲ್ಲಿ ಇದು ‘ಬಿಗಿತ ಜಾಸ್ತಿಯಾಯಿತು’ ಎಂದು ಕಾಣಿಸಿ ದಾರಿ ತಪ್ಪಿಸುತ್ತದೆ. ಇಳಿಸುತ್ತಾ ಬರಲು ಕೊಟ್ಟ ಔಷಧದ ಒಂದು ಹೊತ್ತೂ ತಪ್ಪಬಾರದು.

ಮೈಬಿಗಿತಕ್ಕೆ ಬ್ಯಾಕ್ಲೋಫೆನ್ ತೆಗೆದುಕೊಳ್ಳುವ ಮಗುವಿಗಂತೂ ಮಾತ್ರೆ ಮುಗಿಯಿತೆಂದು ಒಮ್ಮೆಲೇ ನಿಲ್ಲಿಸಬಾರದು. ಜ್ವರ ಏರಿ ಫಿಟ್ಸ್ ಬರಬಹುದು. ಮೆಡಿಕಲ್‌ನಲ್ಲಿ ಸ್ಟಾಕ್ ಇಲ್ಲದ ದಿನಗಳಿರುತ್ತವೆ. ಹತ್ತು ದಿನದ ಮಾತ್ರೆ ಯಾವಾಗಲೂ ಮನೆಯಲ್ಲಿರಲಿ.

ಮಾತು ಬಾರದ ಮಗುವಿನ ನೋವು ತಿಳಿಯುವುದು ಹೇಗೆ?

ಮುಖ, ಕಾಲು, ಮೈಯ ಚಡಪಡಿಕೆ, ಅಳು, ಸಮಾಧಾನಕ್ಕೆ ಬಗ್ಗುವುದು ಎಂಬ ಐದಕ್ಕೆ 0, 1, 2 ಎಂದು ಅಂಕ ಕೊಟ್ಟು ಹತ್ತಕ್ಕೆ ಎಣಿಸುವ ಫ್ಲ್ಯಾಕ್ ಎಂಬ ವಿಧಾನವಿದೆ. ವಿಕಲಚೇತನ ಮಕ್ಕಳಿಗಾಗಿ ಅದನ್ನು ತಿದ್ದಿದ ರೂಪದಲ್ಲಿ ಹೆತ್ತವರು ತಮ್ಮ ಮಗುವಿನದೇ ಲಕ್ಷಣಗಳನ್ನು ಸೇರಿಸಬಹುದು. ನೋವಾದಾಗ ನಗುವ ಮಕ್ಕಳಿದ್ದಾರೆ, ಕಿವಿ ಎಳೆದುಕೊಳ್ಳುವವರಿದ್ದಾರೆ, ಉಸಿರು ಹಿಡಿದು ಸುಮ್ಮನಾಗುವವರೂ ಇದ್ದಾರೆ. ನಿಮ್ಮ ಮಗುವಿನ ಲಕ್ಷಣ ಯಾವುದೆಂದು ಬರೆದು ಫೈಲಿಗೆ ಅಂಟಿಸಿ.

ಕಾರಣ ಹುಡುಕುವಾಗ ಮೇಲಿಂದ ಕೆಳಗೆ ಬನ್ನಿ. ಹಲ್ಲು, ಕಿವಿ, ಮೂಗಿನ ಕೊಳವೆ ಒತ್ತಿದ ಜಾಗ, ಗಂಟಲಿಗೆ ಏರುವ ಹುಳಿ, ಹೊಟ್ಟೆ, ಮೂತ್ರ, ಸೊಂಟದ ಕೀಲು, ಹಿಮ್ಮಡಿ. ಅತಿ ಸಾಮಾನ್ಯ ಕಾರಣ ಮಲಬದ್ಧತೆ, ಅತಿ ತಡವಾಗಿ ನೆನಪಾಗುವುದೂ ಅದೇ. ದಿನಾ ಸ್ವಲ್ಪ ಸ್ವಲ್ಪ ನೀರಾಗಿ ಹೋಗುತ್ತಿದ್ದರೂ ಒಳಗೆ ಗಟ್ಟಿಯಾಗಿ ತುಂಬಿರಬಹುದು. ಅದನ್ನು ಭೇದಿ ಎಂದು ತಿಳಿದು ಔಷಧ ಕೊಟ್ಟರೆ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಹೊಟ್ಟೆ ಸರಿಯಾದ ಮೇಲೆ ನಿದ್ದೆ, ಬಿಗಿತ, ಊಟ ಮೂರೂ ಸುಧಾರಿಸುವ ಮಕ್ಕಳು ಎಷ್ಟೋ.

ರೈಲ್ಸ್ ಟ್ಯೂಬಿನಲ್ಲಿ (ಮೂಗಿನ ಕೊಳವೆಯಲ್ಲಿ) ಕುಚ್ಚಲಕ್ಕಿ ಗಂಜಿ ಕೊಡುತ್ತಿದ್ದೇವೆ. ಆದರೂ ಮಗು ಸೊರಗುತ್ತಿದೆ, ಯಾಕೆ?

ಗಂಜಿಯ ತಿಳಿಯಲ್ಲಿ ನೀರೇ ಹೆಚ್ಚು, ಅದಕ್ಕೆ. ಲೆಕ್ಕ ಹಾಕಿ ನೋಡಿ. 25 ಗ್ರಾಂ ಅಕ್ಕಿಯಲ್ಲಿ ಸುಮಾರು 88 ಕ್ಯಾಲೊರಿ. ಅದನ್ನು ಬೇಯಿಸಿ ಕೊಳವೆಯಲ್ಲಿ ಇಳಿಯಲೆಂದು 500 ಮಿ.ಲೀ. ಮಾಡಿದರೆ 100 ಮಿ.ಲೀ.ಗೆ ಹದಿನೆಂಟೂ ದಾಟುವುದಿಲ್ಲ. ದಿನಕ್ಕೆ ಆರು ಸಲ 200 ಮಿ.ಲೀ. ಕೊಟ್ಟರೂ ಒಟ್ಟು 210 ಕ್ಯಾಲೊರಿ. ಡಯಟಿಷಿಯನ್ 900 ಎಂದು ಬರೆದ ಮಗುವಿಗೆ ಇದು ಕಾಲು ಪಾಲೂ ಅಲ್ಲ. ಹೊಟ್ಟೆ ತುಂಬಿದೆ, ಮಗು ಅಳುತ್ತಿಲ್ಲ, ಆದರೂ ಪಕ್ಕೆಲುಬು ಎದ್ದುಬರುತ್ತಿದೆ. ಸೋಸಿ ತಿಳಿ ಮಾತ್ರ ಕೊಟ್ಟರೆ ಇದಕ್ಕೂ ಕಡಿಮೆ.

ಅದೇ ಅಡುಗೆಮನೆಯ ಸಾಮಾನಿನಿಂದಲೇ ಹೀಗೆ ಮಾಡಬಹುದು: ಕುಚ್ಚಲಕ್ಕಿ 40 ಗ್ರಾಂ, ಹೆಸರುಬೇಳೆ 20 ಗ್ರಾಂ ಒಟ್ಟಿಗೆ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, 10 ಗ್ರಾಂ ಬೆಲ್ಲ, 10 ಮಿ.ಲೀ. ತೆಂಗಿನೆಣ್ಣೆ ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ಅರೆದು, ಒಟ್ಟು 400 ಮಿ.ಲೀ. ಆಗುವಷ್ಟು ಕುದಿಸಿ ಆರಿಸಿದ ನೀರು ಸೇರಿಸಿ. ಒಟ್ಟು ಸುಮಾರು 330 ಕ್ಯಾಲೊರಿ, 100 ಮಿ.ಲೀ.ಗೆ 80ರ ಆಸುಪಾಸು. ಇದು ಗಟ್ಟಿಯಾಗಿ ಸಿರಿಂಜಿನಲ್ಲಿ ಇಳಿಯುವುದಿಲ್ಲ, ಅಲ್ಲಿಗೇ ಎಲ್ಲರೂ ಮತ್ತೆ ನೀರು ಹೊಯ್ಯುವುದು. ನೀರಿನ ಬದಲು ಮೊಳಕೆ ರಾಗಿ ಹಿಟ್ಟು ಬಳಸಿ. ಗಂಜಿ ಬೆರಳಿಗೆ ತಡೆಯುವಷ್ಟು ಬಿಸಿಗೆ ಇಳಿದಾಗ ಒಂದು ಚಮಚ ಹಾಕಿ ಹತ್ತು ನಿಮಿಷ ಕಲಕುತ್ತಿರಿ, ಕಣ್ಣೆದುರೇ ಸಡಿಲವಾಗುತ್ತದೆ. ಮೊಳಕೆಯಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹೀಗಾಗುತ್ತದೆ. ಕುದಿಯುವಾಗಲೇ ಹಾಕಿದರೆ ಕಿಣ್ವ ಸತ್ತುಹೋಗುತ್ತದೆ. ಸಡಿಲವಾದ ಮೇಲೆ ಮತ್ತೊಮ್ಮೆ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಕುಚ್ಚಲಕ್ಕಿಯ ತೌಡು ಸಣ್ಣ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ.

ಇದೊಂದರಲ್ಲೇ ಎಲ್ಲ ಜೀವಸತ್ವ, ಖನಿಜ ಸಿಗುವುದಿಲ್ಲ. ಹಾಲು, ಮೊಟ್ಟೆ, ಸಿರಪ್‌ಗಳನ್ನು ಡಯಟಿಷಿಯನ್ ಸೇರಿಸಬೇಕು. ಕಿಡ್ನಿ ತೊಂದರೆ ಇರುವ, ಫಿಟ್ಸ್‌ಗೆಂದು ಕೀಟೋ ಆಹಾರದಲ್ಲಿರುವ (ಕೊಬ್ಬು ಹೆಚ್ಚು, ಪಿಷ್ಟ ತೀರ ಕಡಿಮೆ) ಮಗುವಿಗೆ ಈ ಗಂಜಿ ಬೇಡ. ಮಾಡಿದ್ದನ್ನು ನಮ್ಮ ಕರಾವಳಿಯ ಸೆಕೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ.

ಕೊಡುವ ಮೊದಲು ಮೂಗಿನ ಬಳಿಯ ಗುರುತು ಜಾರಿಲ್ಲವೇ ನೋಡಿ. ಸಿರಿಂಜಿನಲ್ಲಿ ಸ್ವಲ್ಪ ಎಳೆದು ಪಿಎಚ್ ಪಟ್ಟಿಗೆ ಹಾಕಿದರೆ 5.5 ಅಥವಾ ಕಡಿಮೆ ಬರಬೇಕು. ಹೊಟ್ಟೆಯ ಹುಳಿ ಇಳಿಸುವ ಒಮೆಪ್ರಜೋಲ್ ಕೊಡುತ್ತಿದ್ದರೆ ಮೇಲೆ ಬರಬಹುದು, ಆಗ ಏನು ಮಾಡಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿ. ಗಾಳಿ ಊದಿ ಹೊಟ್ಟೆಯ ಮೇಲೆ ಸದ್ದು ಕೇಳುವ ಹಳೆಯ ಪದ್ಧತಿಯನ್ನು ನಂಬಬೇಡಿ; ಕೊಳವೆ ಶ್ವಾಸಕೋಶದಲ್ಲಿದ್ದರೂ ಆ ಸದ್ದು ಕೇಳುತ್ತದೆ. ತಲೆಭಾಗ 30ರಿಂದ 45 ಡಿಗ್ರಿ ಎತ್ತರಿಸಿ, ಒತ್ತದೆ ತಾನಾಗಿ ಇಳಿಯಲು ಬಿಡಿ, 20ರಿಂದ 30 ನಿಮಿಷ. ಮುಗಿದ ಮೇಲೆ 5ರಿಂದ 10 ಮಿ.ಲೀ. ನೀರು. ಅರ್ಧ ಗಂಟೆಯಾದರೂ ಮಲಗಿಸಬೇಡಿ. ಕೆಮ್ಮು, ನೀಲಿ ಬಣ್ಣ, ಏದುಸಿರು ಕಂಡರೆ ಆ ಕ್ಷಣವೇ ನಿಲ್ಲಿಸಿ.

ಒಂದೂವರೆ ತಿಂಗಳಾದರೂ ಕೊಳವೆ ಬೇಕೇ ಬೇಕು ಎಂದಾದರೆ ಹೊಟ್ಟೆಗೆ ನೇರವಾಗಿ ಹಾಕುವ ಪೆಗ್ ಟ್ಯೂಬಿನ ಬಗ್ಗೆ ಮಾತಾಡಿ. ‘ಹೊಟ್ಟೆಗೆ ತೂತು’ ಎಂದು ಹೆದರಿ ವರ್ಷಗಟ್ಟಲೆ ಮುಂದೂಡುವವರೇ ಹೆಚ್ಚು. ಹಾಕಿಸಿದರೆ ಮುಖದ ಮೇಲಿನ ಪ್ಲಾಸ್ಟರ್ ಹೋಗುತ್ತದೆ, ಮಗುವಿನ ಮುಖ ಮತ್ತೆ ಕಾಣುತ್ತದೆ. ಆದರೆ ಪೆಗ್ ಕಳಚಿ ಬಂದರೆ ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚತೊಡಗುತ್ತದೆ. ಹೊಸದಾಗಿ ಹಾಕಿದ್ದಾದರೆ ನೀವು ತೂರಿಸಬೇಡಿ, ಕಳಚಿದ ಟ್ಯೂಬನ್ನೂ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಿ.

ಬಾಯಲ್ಲಿ ಯಾವಾಗ ಕೊಡಬಹುದು?

ನುಂಗುವುದನ್ನು ಸ್ಪೀಚ್ ಥೆರಪಿಸ್ಟ್ ನೋಡಿದ ಮೇಲೆ. ವೆಂಟಿಲೇಟರಿನ ಕೊಳವೆ ತೆಗೆದ ನಂತರ ಸ್ವಲ್ಪ ಕಾಲ ನುಂಗುವಿಕೆ ಕೆಟ್ಟಿರುತ್ತದೆ. ಕೆಮ್ಮದೆಯೇ ನೀರು ಶ್ವಾಸಕೋಶಕ್ಕೆ ಇಳಿಯಲೂಬಹುದು. ನೀರಿನಂಥ ತೆಳುವಾದದ್ದೇ ಹೆಚ್ಚು ಅಪಾಯ, ಎಳನೀರೂ ಸೇರಿ.

ಎಷ್ಟು ಗಟ್ಟಿ ಎಂಬುದಕ್ಕೆ ಮನೆಯಲ್ಲೇ ಅಳತೆ ಇದೆ. ಸೂಜಿ, ಒತ್ತುವ ಹಿಡಿ ಎರಡೂ ತೆಗೆದ 10 ಮಿ.ಲೀ. ಸಿರಿಂಜಿನ ತುದಿಯನ್ನು ಬೆರಳಿಂದ ಮುಚ್ಚಿ, ಪೂರ್ತಿ ತುಂಬಿ, ಬೆರಳು ತೆಗೆದು ಹತ್ತು ಸೆಕೆಂಡ್ ಎಣಿಸಿ. ಉಳಿದದ್ದು 1 ಮಿ.ಲೀ.ಗಿಂತ ಕಡಿಮೆಯಾದರೆ ಅದು ನೀರಿನ ಹಾಗೆ, ಅಂದರೆ ಮಟ್ಟ 0. 1ರಿಂದ 4 ಉಳಿದರೆ ಮಟ್ಟ 1, 4ರಿಂದ 8 ಮಟ್ಟ 2, 8ಕ್ಕಿಂತ ಹೆಚ್ಚು ಉಳಿದರೆ ಮಟ್ಟ 3. ಸಿರಿಂಜಿನಲ್ಲಿ ಸೊನ್ನೆಯಿಂದ ಹತ್ತರ ಗೆರೆಗೆ 61.5 ಮಿ.ಮೀ. ಇರಬೇಕು, ಬೇರೆ ಅಳತೆಯ ಸಿರಿಂಜಿನಲ್ಲಿ ಲೆಕ್ಕ ತಪ್ಪುತ್ತದೆ. ಥೆರಪಿಸ್ಟ್ ‘ಮಟ್ಟ 2’ ಎಂದರೆ ಅಜ್ಜಿಗೂ ಅಮ್ಮನಿಗೂ ಒಂದೇ ಅರ್ಥವಾಗಬೇಕಲ್ಲ, ಅದಕ್ಕೆ ಇದು.

ನಿಲ್ಲಲಾಗದ ಮಗುವಿನ ತೂಕ, ಎತ್ತರ ತೆಗೆಯುವುದು ಹೇಗೆ?

ಎತ್ತಿಕೊಂಡು ತೂಕದ ಯಂತ್ರ ಹತ್ತಿ, ಆಮೇಲೆ ನೀವೊಬ್ಬರೇ ಹತ್ತಿ, ಕಳೆಯಿರಿ. ತಿಂಗಳಿಗೊಮ್ಮೆ, ಒಂದೇ ಯಂತ್ರದಲ್ಲಿ. ಎತ್ತರಕ್ಕೆ ಮಂಡಿಯನ್ನು 90 ಡಿಗ್ರಿ ಮಡಿಸಿ ಹಿಮ್ಮಡಿಯಿಂದ ಮಂಡಿಯ ಮೇಲಿನವರೆಗೆ ಸೆಂ.ಮೀ.ನಲ್ಲಿ ಅಳೆದು 2.69ರಿಂದ ಗುಣಿಸಿ 24.2 ಕೂಡಿಸಿ. 30 ಸೆಂ.ಮೀ. ಬಂದರೆ ಎತ್ತರ ಸುಮಾರು 105.

ಕುತ್ತಿಗೆಯಲ್ಲಿ ಟ್ರೇಕಿಯಾಸ್ಟಮಿ (ಉಸಿರಾಟಕ್ಕೆ ಶ್ವಾಸನಾಳಕ್ಕೇ ಹಾಕಿದ ಟ್ಯೂಬ್) ಇದೆ. ಕರೆಂಟ್ ಹೋದರೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ದಿನನಿತ್ಯದ ಪ್ರಶ್ನೆ. ಮರ ಬಿದ್ದು ಲೈನ್ ಹೋದರೆ ಒಳನಾಡಿನ ಹಳ್ಳಿಗಳಲ್ಲಿ ಒಂದು ಹಗಲು ಒಂದು ರಾತ್ರಿ ಬಾರದಿರಬಹುದು. ಮೆಸ್ಕಾಂ ಸೆಕ್ಷನ್ ಕಚೇರಿಗೆ, ಮನೆಯಲ್ಲಿ ಉಸಿರಾಟದ ಯಂತ್ರವಿರುವ ಮಗು ಇದೆ ಎಂದು ಕರೆಂಟ್ ಬಿಲ್ಲಿನಲ್ಲಿರುವ ಆರ್.ಆರ್. ನಂಬರ್ ಸಮೇತ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ದೂರಿಗೆ 1912. ಇನ್ವರ್ಟರ್ ಇದ್ದರೂ ಕಾಲಿನಿಂದ ತುಳಿಯುವ ಸಕ್ಷನ್ ಪಂಪ್ ಒಂದಿರಲಿ, ಅದಕ್ಕೆ ಕರೆಂಟೇ ಬೇಡ. ವಾರಕ್ಕೊಮ್ಮೆ ಅದನ್ನು ತುಳಿದು ನೀರು ಎಳೆಯುತ್ತದೆಯೇ ನೋಡಿ. ಅಟ್ಟದಲ್ಲಿಟ್ಟ ಪಂಪಿನ ರಬ್ಬರ್ ಒಡೆದಿರುತ್ತದೆ.

ಮಂಚದ ಮೊಳೆಗೆ ಒಂದು ಚೀಲ ತೂಗಿರಲಿ. ಅದರೊಳಗೆ ಈಗಿನ ಅಳತೆಯ ಹೊಸ ಟ್ಯೂಬ್ ಒಂದು, ಒಂದು ಅಳತೆ ಚಿಕ್ಕದು ಇನ್ನೊಂದು, ಕತ್ತರಿ, ಕಟ್ಟುವ ಟೇಪ್, ಜೆಲ್ಲಿ, ಸಕ್ಷನ್ ಕ್ಯಾಥಿಟರ್, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್, ಟಾರ್ಚ್. ಮಗು ಹೋದಲ್ಲೆಲ್ಲ ಚೀಲವೂ ಹೋಗಬೇಕು, ಪಕ್ಕದ ಕೋಣೆಗೂ. ಟ್ಯೂಬಿನ ಒಳ ಅಳತೆಯನ್ನು ಎರಡರಿಂದ ಗುಣಿಸಿದರೆ ಕ್ಯಾಥಿಟರ್ ಅಳತೆ: 4.0 ಟ್ಯೂಬಿಗೆ 8 ಫ್ರೆಂಚ್. ಟ್ಯೂಬಿನ ತುದಿಯವರೆಗೆ ಮಾತ್ರ ಇಳಿಸಿ, ಹತ್ತು ಸೆಕೆಂಡಿನೊಳಗೆ ಹೊರಗೆ ತೆಗೆಯಿರಿ. ಟೇಪಿನಡಿ ಒಂದು ಬೆರಳು ಹೋಗಬೇಕು, ಎರಡು ಹೋದರೆ ಸಡಿಲ. ಸಕ್ಷನ್ ಮಾಡಿದರೂ ಉಸಿರು ಕಟ್ಟುತ್ತಿದ್ದರೆ ಟ್ಯೂಬ್ ಬದಲಿಸಿ. ಇಬ್ಬರಿದ್ದರೆ ಒಬ್ಬರು ಅದೇ ಹೊತ್ತಿಗೆ 108ಕ್ಕೆ ಕರೆ ಮಾಡಲಿ.

ವ್ಯಾಯಾಮ ಎಷ್ಟು? ಕಾಲಿನ ಸ್ಪ್ಲಿಂಟ್ ಎಷ್ಟು ಹೊತ್ತು?

ದಿನಕ್ಕೊಮ್ಮೆ ಒಂದು ಗಂಟೆ ಹಿಂಸೆ ಮಾಡುವುದಕ್ಕಿಂತ ಸ್ನಾನ, ಬಟ್ಟೆ, ಊಟದ ಜೊತೆ ಐದೈದು ನಿಮಿಷ ಒಳ್ಳೆಯದು. ತಿಂಗಳುಗಟ್ಟಲೆ ಮಲಗಿದ ಮಗುವಿನ ಎಲುಬು ಸುಣ್ಣ ಕಳೆದುಕೊಂಡಿರುತ್ತದೆ; ಬಿಗಿದ ಮಂಡಿಯನ್ನು ಬಲವಂತವಾಗಿ ಬಿಡಿಸಿದರೆ ತೊಡೆಮೂಳೆ ಮುರಿಯಬಹುದು. ಎಣ್ಣೆ ತಿಕ್ಕುವುದು ಸರಿ, ಎಣ್ಣೆ ತಿಕ್ಕುವ ನೆಪದಲ್ಲಿ ಎಳೆಯುವುದು ಬೇಡ. ಒಂದು ಕಾಲು ಹಠಾತ್ತನೆ ಊದಿ ಬಿಸಿಯಾದರೆ ಎಕ್ಸ್‌ರೇ ಮಾಡಿಸಿ.

ಹೊಸ ಎಎಫ್‌ಒ (ಪಾದ, ಗಿಣ್ಣು ಹಿಡಿದಿಡುವ ಪ್ಲಾಸ್ಟಿಕ್ ಸ್ಪ್ಲಿಂಟ್) ಮೊದಲ ದಿನ ಒಂದು ಗಂಟೆ ಮಾತ್ರ. ತೆಗೆದಾಗ ಹಿಮ್ಮಡಿಯಲ್ಲಿ, ಗಿಣ್ಣಿನ ಒಳಬದಿಯಲ್ಲಿ ಕೆಂಪು ಗುರುತು ಇದ್ದೇ ಇರುತ್ತದೆ. ಗಡಿಯಾರ ನೋಡಿ: ಅರ್ಧ ಗಂಟೆಯಲ್ಲಿ ಮಾಯವಾದರೆ ಸರಿ, ಉಳಿದರೆ ಪ್ಲಾಸ್ಟಿಕ್ ಅಲ್ಲಿ ಒತ್ತುತ್ತಿದೆ. ತಿದ್ದಿಸಿ, ಒಳಗೆ ಹತ್ತಿ ತುರುಕಬೇಡಿ, ಅದರಿಂದ ಒತ್ತಡ ಇನ್ನೂ ಹೆಚ್ಚುತ್ತದೆ. ಕಾಲುಚೀಲ ಹತ್ತಿಯದೇ ಇರಲಿ, ನಮ್ಮ ಬೆವರಿಗೆ ದಿನಕ್ಕೆರಡು ಸಲ ಬದಲಿಸಿ. ಇದೇ ಅರ್ಧ ಗಂಟೆಯ ಲೆಕ್ಕ ಬೆನ್ನಿನ ಕೆಳಭಾಗಕ್ಕೂ ತಲೆಯ ಹಿಂಭಾಗಕ್ಕೂ ಅನ್ವಯಿಸುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಬೆಡ್ ಸೋರ್ ಹತ್ತಿರ ಬರುವುದು ಕಷ್ಟ. ನಡೆಯಲಾಗದ ಸೆರೆಬ್ರಲ್ ಪಾಲ್ಸಿ ಮಗುವಿಗೆ 6ರಿಂದ 12 ತಿಂಗಳಿಗೊಮ್ಮೆ ಸೊಂಟದ ಎಕ್ಸ್‌ರೇ ಬೇಕು. ಕೀಲು ಜಾರುವಾಗ ಮೊದಮೊದಲು ನೋವಿರುವುದಿಲ್ಲ.

ಫಿಟ್ಸ್ ಔಷಧ ಕೊಟ್ಟರೂ ಮತ್ತೆ ಬರುತ್ತಿದೆ.

ಎರಡು ತಪ್ಪುಗಳನ್ನು ಮೊದಲು ನೋಡಿ. ಫೆನಿಟೋಯಿನ್ ಅನ್ನು ಟ್ಯೂಬಿನ ಆಹಾರದ ಜೊತೆ ಕೊಟ್ಟರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಡುವೆ ಒಂದೆರಡು ಗಂಟೆ ಬಿಡುವು ಬೇಕು. ನಿಧಾನವಾಗಿ ಕರಗುವ ವಾಲ್ಪ್ರೊಯೇಟ್ ಮಾತ್ರೆಯನ್ನು ಅರೆದು ಕೊಟ್ಟರೆ ಇಡೀ ದಿನದ್ದು ಒಮ್ಮೆಲೇ ಇಳಿಯುತ್ತದೆ, ಸಿರಪ್ ಕೇಳಿ. ಫಿಟ್ಸ್ ಐದು ನಿಮಿಷ ದಾಟಿದರೆ ವೈದ್ಯರು ಬರೆದಷ್ಟು ಮಿಡಜೋಲಾಮ್ ಮೂಗಿಗೆ ಸಿಂಪಡಿಸಿ, 108ಕ್ಕೆ ಕರೆ ಮಾಡಿ. ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಬಾಯಿಗೆ ಚಮಚ ಯಾವುದೂ ಬೇಡ.

ರಾತ್ರಿ ಬೆಚ್ಚಿಬೀಳುತ್ತಾನೆ, ಬಿಳಿ ಕೋಟು ಕಂಡರೆ ಕಿರುಚುತ್ತಾನೆ.

ಐಸಿಯುನಲ್ಲಿ ಹಗಲು ರಾತ್ರಿ ಒಂದೇ, ಅಲಾರಂ, ಸೂಜಿ, ಕಟ್ಟಿದ ಕೈ. ಅದು ಮಗುವಿಗೆ ಅರೆಬರೆ ನೆನಪಿರುತ್ತದೆ. ಕೆಲವು ವಾರಗಳಲ್ಲಿ ಇಳಿಯದಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಬೇಕು; ‘ಬುದ್ಧಿ ಬೆಳೆದಿಲ್ಲದ ಮಗುವಿಗೆ ನೆನಪೆಲ್ಲಿ’ ಎಂಬ ಮಾತಿಗೆ ಕಿವಿಗೊಡಬೇಡಿ. ಆಸ್ಪತ್ರೆಯಲ್ಲಿದ್ದ ದಿನಗಳ ಫೋಟೊ ಒಂದೆರಡನ್ನು ತೋರಿಸುತ್ತಾ ಏನಾಯಿತೆಂದು ಸರಳವಾಗಿ ಹೇಳುತ್ತಾ ಬಂದರೆ ಎಷ್ಟೋ ಮಕ್ಕಳಿಗೆ ನೆಮ್ಮದಿಯಾಗುತ್ತದೆ.

ಮನೆಯಲ್ಲಿ ತುಳು, ಥೆರಪಿ ಕನ್ನಡದಲ್ಲಿ. ಯಾವುದು ಸರಿ?

ಮನೆಯದ್ದೇ. ತುಳುವೋ ಕೊಂಕಣಿಯೋ ಬ್ಯಾರಿಯೋ, ಮಗುವನ್ನು ಮುದ್ದಿಸುವ ಭಾಷೆಯಲ್ಲೇ ಮಾತು ಮೊದಲು ಮರಳುತ್ತದೆ. ಚಿತ್ರದ ಹಲಗೆ ಮಾಡುವಾಗ ‘ನೀರು’ ಚಿತ್ರಕ್ಕೆ ಮನೆಯಲ್ಲಿ ‘ನೀರ್’ ಎನ್ನುವುದಾದರೆ ಹಾಗೇ ಹೇಳಿ. ಪರೀಕ್ಷೆ ಮಾಡುವವರಿಗೂ ಇದನ್ನು ತಿಳಿಸಿ. ಗೊತ್ತಿಲ್ಲದ ಭಾಷೆಯ ಪ್ರಶ್ನೆಗೆ ಉತ್ತರಿಸದ ಮಗುವನ್ನು ಬುದ್ಧಿ ಕಡಿಮೆ ಎಂದು ಬರೆದುಬಿಟ್ಟರೆ ಆ ಕಾಗದ ವರ್ಷಗಟ್ಟಲೆ ಹಿಂಬಾಲಿಸುತ್ತದೆ.

ಯಕ್ಷಗಾನಕ್ಕೆ, ಜಾತ್ರೆಗೆ, ಬೀಚಿಗೆ ಕರೆದುಕೊಂಡು ಹೋಗಬಹುದೇ?

ಹೋಗಬೇಕು. ಬದುಕು ಹೇಗಿದೆ ಎಂದು ಅಳೆಯುವುದಾದರೆ ಇದನ್ನೂ ಅಳೆಯಬೇಕಲ್ಲ. ಚೆಂಡೆಯ ಸದ್ದಿಗೆ ಮೊದಲು ಕುಣಿಯುತ್ತಿದ್ದ ಮಗು ಈಗ ಬೆಚ್ಚಬಹುದು; ಹಿಂದಿನ ಸಾಲಿನಲ್ಲಿ ಕೂತು ಅರ್ಧ ಗಂಟೆಯಿಂದ ಶುರುಮಾಡಿ. ಮಲ್ಪೆ, ಪಣಂಬೂರಿನ ಮರಳಿನಲ್ಲಿ ಗಾಲಿಕುರ್ಚಿಯ ಸಣ್ಣ ಮುಂದಿನ ಗಾಲಿ ಹೂತುಹೋಗುತ್ತದೆ, ಹಿಮ್ಮುಖವಾಗಿ ಎಳೆದರೆ ಸಾಗುತ್ತದೆ. ಟ್ರೇಕಿಯಾಸ್ಟಮಿ ಇದ್ದರೆ ಮರಳು ಹಾರುವಲ್ಲಿ, ನೀರಿನ ಅಂಚಿನಲ್ಲಿ ಕೂರಿಸಬೇಡಿ.

ಶಾಲೆ?

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಪ್ರಕಾರ 40 ಶೇಕಡ ಅಥವಾ ಹೆಚ್ಚಿನ ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹೋಗಲಾಗದ ಮಗುವಿಗೆ ಮನೆಯಲ್ಲೇ ಕಲಿಕೆ. ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಕಲಚೇತನ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ. ಮೊದಲು ವಾರಕ್ಕೆ ಎರಡು ದಿನ, ಎರಡು ಗಂಟೆ ಕಳಿಸಿ. ಐಸಿಯುನಿಂದ ಬಂದ ಮಗು ಬೇಗ ದಣಿಯುತ್ತದೆ, ದಣಿದ ಮಗು ಹಠ ಮಾಡುತ್ತದೆ, ಟೀಚರ್ ಅದನ್ನು ಅಶಿಸ್ತು ಎಂದು ತಿಳಿಯುತ್ತಾರೆ.

ಖರ್ಚಿಗೆ, ಕಾರ್ಡಿಗೆ ಎಲ್ಲಿ ಹೋಗಬೇಕು?

ಮೊದಲು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ. ಆನ್‌ಲೈನ್ ಅರ್ಜಿ ಹಾಕಿ ವೈದ್ಯಕೀಯ ತಪಾಸಣೆಗೆ ಹೋಗುವುದು. ಮಂಗಳೂರಿನವರಿಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ. ಹಳೆಯ ಪ್ರಮಾಣಪತ್ರವಿದ್ದು ಕಾಯಿಲೆಯ ನಂತರ ಸ್ಥಿತಿ ಬದಲಾಗಿದ್ದರೆ ಮರುಪರೀಕ್ಷೆ ಕೇಳಿ, ಡಿಸ್ಚಾರ್ಜ್ ಸಮ್ಮರಿ ಜೊತೆಗಿರಲಿ. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ತಾಲೂಕಿನ ಎಂಆರ್‌ಡಬ್ಲ್ಯೂ ಎಂಬ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಉಡುಪಿ ಜಿಲ್ಲೆಯ ವಿಕಲಚೇತನರ ಇಲಾಖೆ ಕಚೇರಿ ಮಣಿಪಾಲದ ರಜತಾದ್ರಿಯಲ್ಲಿದೆ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ತುರ್ತಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಆದರೆ ಅದು ಹೆಚ್ಚಾಗಿ ದಾಖಲಾತಿಯ ಖರ್ಚಿಗೆ. ಥೆರಪಿ, ಹೊರರೋಗಿ ಖರ್ಚಿಗೆ ನಿರಾಮಯ ವಿಮೆ ನೋಡಿ: ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯಕ್ಕೆ ಮಾತ್ರ, 1 ಲಕ್ಷದವರೆಗೆ, ಮುಂಚಿತ ವೈದ್ಯಕೀಯ ಪರೀಕ್ಷೆ ಇಲ್ಲದೆ. ರಿನ್ಯೂವಲ್ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ, ತಪ್ಪಿಹೋಗುವುದು ಅದೇ. ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸ್ 100 ಕಿ.ಮೀ.ವರೆಗೆ ಇದೆ. ಆದರೆ ಉಡುಪಿ–ಮಂಗಳೂರು ನಡುವೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು, ಅಲ್ಲಿ ಆ ಪಾಸ್ ನಡೆಯುವುದಿಲ್ಲ. ಥೆರಪಿಯ ದಿನವನ್ನು ಸರ್ಕಾರಿ ಬಸ್ಸಿನ ವೇಳೆ ನೋಡಿ ಗೊತ್ತುಮಾಡಿಕೊಂಡರೆ ತಿಂಗಳ ಖರ್ಚು ಇಳಿಯುತ್ತದೆ.

ಲಸಿಕೆ ಹಾಕಿಸಬಹುದೇ?

ಹಾಕಿಸಲೇಬೇಕು. ಫ್ಲೂ ಲಸಿಕೆ ಪ್ರತಿ ವರ್ಷ, ಮಳೆಗಾಲಕ್ಕೆ ಮುಂಚೆ. ಐಸಿಯುನಲ್ಲಿ ಐವಿಐಜಿ (ರಕ್ತನಾಳಕ್ಕೆ ಕೊಡುವ ಪ್ರತಿಕಾಯಗಳ ಔಷಧ) ಕೊಟ್ಟಿದ್ದರೆ ದಡಾರದ ಲಸಿಕೆ, ಚಿಕನ್‌ಪಾಕ್ಸ್ ಲಸಿಕೆಗಳನ್ನು ಪ್ರಮಾಣ ನೋಡಿಕೊಂಡು ತಿಂಗಳುಗಟ್ಟಲೆ ಮುಂದೂಡಬೇಕಾಗುತ್ತದೆ, ಒಂದು ಕೆ.ಜಿ.ಗೆ 2 ಗ್ರಾಂ ಕೊಟ್ಟಿದ್ದರೆ 11 ತಿಂಗಳು.

ನೋಡಿಕೊಳ್ಳುವ ನಮ್ಮ ಗತಿ?

ಅಮ್ಮನ ಬೆನ್ನು ಕೆಟ್ಟರೆ ಮಗುವಿನ ದಿನವೂ ಕೆಡುತ್ತದೆ. 15 ಕೆ.ಜಿ. ದಾಟಿದ ಮೇಲೆ ಒಬ್ಬರೇ ನೆಲದಿಂದ ಎತ್ತಬೇಡಿ. ಸ್ನಾನಕ್ಕೆ ಸೊಂಟದೆತ್ತರದ ಮಣೆ ಮಾಡಿಸಿ, ಬಡಗಿಗೆ ಅರ್ಧ ದಿನದ ಕೆಲಸ. ವಾರದಲ್ಲಿ ಒಂದು ರಾತ್ರಿಯಾದರೂ ಬೇರೆಯವರು ಎಚ್ಚರವಿರಬೇಕು, ಯಾರು ಎಂದು ಹೆಸರು ಹಿಡಿದು ಗೊತ್ತುಮಾಡಿ. ‘ಏನಾದರೂ ಬೇಕಿದ್ದರೆ ಹೇಳಿ’ ಎನ್ನುವ ನೆಂಟರಿಗೆ ಇದನ್ನೇ ಹೇಳಿ. ಅಣ್ಣನೋ ತಂಗಿಯೋ ಇದ್ದರೆ ಐಸಿಯು ದಿನಗಳಲ್ಲಿ ಅವರನ್ನು ಯಾರ ಮನೆಯಲ್ಲೋ ಬಿಟ್ಟಿರುತ್ತೀರಿ. ಏನಾಯಿತೆಂದು ಅವರಿಗೂ ಹೇಳಿ, ಇಲ್ಲದಿದ್ದರೆ ತಮ್ಮಿಂದಲೇ ಆಯಿತೆಂದು ಎಣಿಸುತ್ತಾರೆ. ತಿಂಗಳಾದರೂ ಆಂಬುಲೆನ್ಸ್ ಸದ್ದಿಗೆ ನಿಮ್ಮ ಎದೆ ಹೊಡೆದುಕೊಳ್ಳುತ್ತಿದ್ದರೆ 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ, ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ಮತ್ತೆ ಐಸಿಯು ಸೇರಬೇಕಾಗಿ ಬಂದರೆ? ವೆಂಟಿಲೇಟರ್ ಬೇಡ ಎನ್ನಬಹುದೇ?

ಈ ಮಾತನ್ನು ರಾತ್ರಿ ಎರಡು ಗಂಟೆಗೆ ಕ್ಯಾಶುವಾಲಿಟಿಯಲ್ಲಿ ಆಡುವಂತಾಗಬಾರದು. ಮಗು ಚೆನ್ನಾಗಿರುವ ದಿನ, ಅದನ್ನು ಬಲ್ಲ ವೈದ್ಯರ ಜೊತೆ ಕೂತು ಆಡಿ. ಏನು ಮಾಡಿದರೆ ಮಗುವಿಗೆ ಹಿತ, ಯಾವುದು ಬರೀ ಹಿಂಸೆ, ಎಷ್ಟು ದಿನ ಪ್ರಯತ್ನಿಸಿ ಮತ್ತೆ ಯೋಚಿಸುವುದು ಎಂದು ಬರೆಸಿಡಿ. ಬರೆದದ್ದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಉಪಶಾಮಕ ಆರೈಕೆಗೆ ಪ್ರತ್ಯೇಕ ವಿಭಾಗವಿದೆ; ಅಲ್ಲಿಗೆ ಹೋಗುವುದೆಂದರೆ ಚಿಕಿತ್ಸೆ ಬಿಟ್ಟಂತಲ್ಲ, ಚಿಕಿತ್ಸೆಯ ಜೊತೆಗೇ ನೋವು, ಉಬ್ಬಸ, ನಿದ್ದೆಯನ್ನು ನೋಡುತ್ತಾರೆ.

ಜೊತೆಗೆ ಒಂದೇ ಹಾಳೆಯಲ್ಲಿ: ಹೆಸರು, ತೂಕ, ಕಾಯಿಲೆ, ಔಷಧ, ಅಲರ್ಜಿ, ಟ್ಯೂಬಿನ ಅಳತೆ, ಸಾಮಾನ್ಯ ದಿನದ ಆಮ್ಲಜನಕ ಮಟ್ಟ, ನೋವಾದಾಗ ಏನು ಮಾಡುತ್ತದೆ, ಖುಷಿಯಾದಾಗ ಏನು ಮಾಡುತ್ತದೆ. ಮೂಲೆಯಲ್ಲಿ ಮಗು ನಗುತ್ತಿರುವ ಫೋಟೊ ಅಂಟಿಸಿ. ನಿಮ್ಮ ಮಗುವನ್ನು ಮೊದಲ ಬಾರಿ, ಅದೂ ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ನೋಡುವ ಡ್ಯೂಟಿ ಡಾಕ್ಟರಿಗೆ, ಚೆನ್ನಾಗಿದ್ದಾಗ ಅದು ಹೇಗಿರುತ್ತದೆಂದು ತಿಳಿಯುವುದು ಆ ಹಾಳೆಯಿಂದಲೇ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಚೀಲದ ಹೊರ ಜೇಬಿನಲ್ಲಿಡಿ, ಮಳೆಗೆ ಇಂಕು ಹರಡದಂತೆ.